ಮುಳ್ಳು ತೆಗೆದ ಮಾತು

ಆ ದಿನದ ತಾಪತ್ರಯಕ್ಕೆಲ್ಲ ಮೂಲ, ದರ್ಜಿ ಆಫೀಸಿಗೆ ಬೇಗ ಬಂದದ್ದು. ತಡವಾಗಿ ಬಂದು ಕೆಟ್ಟವರು ಬೇಕಾದಷ್ಟು ಜನ ಇದ್ದಾರೆ. ಬೇಗ ಬಂದು ಕೆಟ್ಟವನು ಇವನೊಬ್ಬನೇ ಇರಬೇಕು. ಸಂಜೆಯ ರೈಲಿಗೆ ಹೆಂಡತಿ, ಮಗಳ ಜೊತೆ ಸಮುದ್ರದ ಊರಿಗೆ ಹೊರಡುವುದಿತ್ತು. ಬೇಗ ಹೋದರೆ ಬೇಗ ಬಿಡಬಹುದು ಎಂಬುದು ಅವನ ಎಣಿಕೆ. ಆದರೆ ಖಾಲಿ ಆಫೀಸಿನಲ್ಲಿ ಅವನ ಕಣ್ಣಿಗೆ ಬಿದ್ದವರು ಮ್ಯಾನೇಜರ್ ಮೇಡಂ ಒಬ್ಬರೇ. ಅವರ ಕಣ್ಣಿಗೆ ಬಿದ್ದವನೂ ಇವನೊಬ್ಬನೇ.

ದರ್ಜಿ ಎಂದರೆ ಬಟ್ಟೆ ಹೊಲಿಯುವವನಲ್ಲ. ಸಾಫ್ಟ್‌ವೇರ್ ಕಂಪನಿಯ ಹಳೆಯ ನೌಕರ. ಅಲ್ಲಿ ಒಂದೇ ಪ್ರೋಗ್ರಾಂ ಮೇಲೆ ಹಲವರು ಕೆಲಸ ಮಾಡುತ್ತಾರೆ. ಒಬ್ಬರ ಕೈ ಇನ್ನೊಬ್ಬರಿಗೆ ತಾಗದಿರಲಿ ಎಂದು ಪ್ರತಿಯೊಬ್ಬರೂ ಮೂಲದ ಒಂದು ಪ್ರತಿ ಇಟ್ಟುಕೊಂಡು ತಮ್ಮ ಪಾಡಿಗೆ ತಿದ್ದುತ್ತಾರೆ. ಅದಕ್ಕೆ ಬ್ರಾಂಚ್ ಎನ್ನುತ್ತಾರೆ. ಕೊನೆಗೆ ಎಲ್ಲರ ಬ್ರಾಂಚುಗಳನ್ನೂ ಮತ್ತೆ ಒಂದು ಮಾಡಬೇಕು. ಅದಕ್ಕೆ ಮರ್ಜ್ ಎನ್ನುತ್ತಾರೆ. ಬೇರೆಯಾಗುವುದು ಸುಲಭ, ಒಂದಾಗುವುದು ಕಷ್ಟ ಎಂಬುದು ಪಾಲು ಕೇಳುವ ಅಣ್ಣತಮ್ಮಂದಿರಿಗೂ ಗೊತ್ತು, ಕಂಪ್ಯೂಟರಿಗೂ ಗೊತ್ತು. ಇಬ್ಬರು ಒಂದೇ ಸಾಲನ್ನು ಎರಡು ಥರ ತಿದ್ದಿದ್ದರೆ ಅದು ಎರಡನ್ನೂ ಒಂದರ ಕೆಳಗೊಂದು ಇಟ್ಟು, ನಡುವೆ ಗೆರೆ ಎಳೆದು, ನಿಮ್ಮ ಮನೆ ಜಗಳ ನೀವೇ ಬಗೆಹರಿಸಿಕೊಳ್ಳಿ ಎಂದು ಕೈ ತೊಳೆದುಕೊಳ್ಳುತ್ತದೆ. ಅದು ಕೈ ತೊಳೆದ ಕಡೆಯಲ್ಲೆಲ್ಲ ಕೂತು, ಒಬ್ಬರ ತೋಳಿಗೆ ಇನ್ನೊಬ್ಬರ ಕೊರಳು ಸೇರಿಸಿ ಒಂದು ಅಂಗಿಯಂತೆ ಕಾಣಿಸುವ ಕೆಲಸ ಇವನದು. ಅದಕ್ಕೇ ಆ ಹೆಸರು.

ಮೇಡಂ ಅವನನ್ನು ಕರೆದು ಕೂರಿಸಿ, ನಗುತ್ತಲೇ ವಿಷಯಕ್ಕೆ ಬಂದರು. ಹಲ್ಲಿನ ಆಸ್ಪತ್ರೆಗೆ ಬರೆಯುತ್ತಿದ್ದ ಪ್ರೋಗ್ರಾಂ ಮುಗಿಯಬೇಕಾದ ದಿನ ಅದು. ರೋಗಿಗಳ ಫೋನಿಗೆ ತಾನಾಗಿ ಸಂದೇಶ ಕಳಿಸುವ ಪ್ರೋಗ್ರಾಂ.

"ಎರಡೇ ಎರಡು ಬ್ರಾಂಚು. ಸೇರಿಸ್ಬಿಟ್ಟು ಹೊರಡಿ. ನಿಮ್ಮ ರಜೆಗೆ ನಾನು ಅಡ್ಡ ಬರಲ್ಲ."

ಅಡ್ಡ ಬರಲ್ಲ ಎಂದವರೇ ಅಡ್ಡ ಮಲಗುವುದು ಎಂದು ದರ್ಜಿಗೆ ಅನುಭವದಿಂದ ಗೊತ್ತಿತ್ತು. ಆದರೂ ತಲೆಯಾಡಿಸಿದ. ಯಾರ ಬ್ರಾಂಚುಗಳು ಎಂದು ಕೇಳಿದ್ದು ಎದ್ದು ಬಾಗಿಲವರೆಗೆ ಬಂದ ಮೇಲೆ. ಉತ್ತರ ಕೇಳಿ ಬಾಗಿಲ ಹಿಡಿಯಿಂದ ಕೈ ತೆಗೆದ.

ಒಂದು ಗಡ್ಡದವನದು, ಇನ್ನೊಂದು ಕನ್ನಡಕದವಳದು.

ಇಬ್ಬರೂ ಕೆಲಸದಲ್ಲಿ ಗಟ್ಟಿಗರು. ಆದರೆ ಒಬ್ಬರೊಡನೊಬ್ಬರು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾವುದೋ ಸಭೆಯಲ್ಲಿ ಅವಳು ವಿವರಿಸುತ್ತಿದ್ದಾಗ ಅವನು ಆಕಳಿಸಿದನಂತೆ. ಅವನ ಸರದಿ ಬಂದಾಗ ಅವಳು ಎದ್ದು ಹೋಗಿ ಕಿಟಕಿ ತೆಗೆದು ಹೊರಗೆ ನೋಡುತ್ತ ನಿಂತಳಂತೆ. ಅಂದಿನಿಂದ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಅವರ ಕುರ್ಚಿಗಳ ನಡುವೆ ಹಾದು ಹೋಗುವಾಗ ಜನ ಸುಮ್ಮಸುಮ್ಮನೆ ಧ್ವನಿ ತಗ್ಗಿಸುತ್ತಿದ್ದರು.

ದರ್ಜಿ ಎರಡು ಬ್ರಾಂಚುಗಳನ್ನೂ ತೆರೆದು ನೋಡಿದ. ನಾಳೆ ಬರಬೇಕಾದ ರೋಗಿಗೆ ನೆನಪಿಸುವ ಸಂದೇಶ ಕನ್ನಡಕದವಳ ಪಾಲು. ಹಲ್ಲು ತೋರಿಸಿ ಹೋದವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸುವ ಸಂದೇಶ ಗಡ್ಡದವನ ಪಾಲು. ಅಲ್ಲಿಯವರೆಗೆ ಚೆನ್ನಾಗಿತ್ತು. ಆದರೆ ರೋಗಿ ಯಾರೆಂದು ಗುರುತು ಹಿಡಿಯುವ ಜಾಗ ಇಬ್ಬರಿಗೂ ಒಂದೇ. ಅಲ್ಲಿ ಅವಳು ಫೋನ್ ನಂಬರಿನಿಂದ ಗುರುತು ಹಿಡಿದಿದ್ದಳು, ಅವನು ಆಸ್ಪತ್ರೆಯ ಕಾರ್ಡಿನ ನಂಬರಿನಿಂದ. ಸಾಲಿಗೆ ಸಾಲು ಗುದ್ದಾಡುತ್ತಿತ್ತು. ಪರದೆಯ ತುಂಬ ಕಂಪ್ಯೂಟರ್ ಎಳೆದ ಗೆರೆಗಳು, ಕಟ್ಟಿ ಅರ್ಧಕ್ಕೇ ಬಿಟ್ಟ ಗೋಡೆಯ ಹಾಗೆ.

ಇಂಥ ಕಡೆ ತನಗೆ ತೋಚಿದ್ದನ್ನು ಉಳಿಸಿ ಇನ್ನೊಂದನ್ನು ಅಳಿಸಬಹುದಿತ್ತು. ಆದರೆ ಅಳಿಸಿಕೊಂಡವರ ಎದುರು ದಿನಾ ಊಟಕ್ಕೆ ಕೂರಬೇಕಲ್ಲ. ಕೇಳಿ ಮಾಡುವುದೇ ಲೇಸು ಎಂದು, ಇಬ್ಬರೂ ಬಂದು ಕೂತ ಮೇಲೆ ಎದ್ದ.

ಈ ವಿದ್ಯೆಯಲ್ಲಿ ಅವನಿಗೆ ಬಾಲ್ಯದಿಂದಲೂ ಪಳಗಿದ ಕೈ. ಇಬ್ಬರು ಅಕ್ಕಂದಿರ ಬೆನ್ನಿಗೆ ಹುಟ್ಟಿದವನು. ಅಕ್ಕಂದಿರಿಗೆ ಬಾಚಣಿಗೆಯಿಂದ ಹಿಡಿದು ಕಿಟಕಿಯ ಪಕ್ಕದ ಹಾಸಿಗೆಯವರೆಗೆ ಎಲ್ಲದಕ್ಕೂ ಜಗಳ. ಜಗಳವಾದಾಗಲೆಲ್ಲ ಮಾತು ಬಂದ್. ಆಗ "ಅವಳಿಗೆ ಹೋಗಿ ಹೇಳು" ಎಂದು ಇವನನ್ನು ಓಡಿಸುತ್ತಿದ್ದರು. ಹೇಳಿದ್ದನ್ನು ಹೇಳಿದಂತೆ ಮುಟ್ಟಿಸಿದರೆ ತಲೆಗೆ ಮೊಟಕು ಬೀಳುವುದು ತನಗೇ ಎಂದು ಬೇಗ ಅರ್ಥವಾಯಿತು. ಆಮೇಲಿಂದ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಾತಿನ ಮುಳ್ಳನ್ನೆಲ್ಲ ಕಿತ್ತು, ಬರೀ ಹೂವನ್ನು ಮುಟ್ಟಿಸುವುದನ್ನು ಕಲಿತ. ಹೂವೇ ಇಲ್ಲದ ಮಾತಾದರೆ ತಾನೇ ಒಂದು ಸಿಕ್ಕಿಸುತ್ತಿದ್ದ.

ಮೊದಲು ಗಡ್ಡದವನ ಹತ್ತಿರ ಹೋದ. ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಒಂದು ಮನೇಲಿ ಎಲ್ಲರಿಗೂ ಸೇರಿ ಒಂದೇ ಫೋನ್ ಕೊಟ್ಟಿರ್ತಾರೆ. ಇವಳ ಮಾತು ಕೇಳಿದ್ರೆ ಅಪ್ಪನ ಹಲ್ಲು ಮಗನಿಗೆ ಕೀಳ್ತಾರೆ. ಬುದ್ಧಿ ಇರೋರು ಬರೆಯೋ ರೀತಿನಾ ಇದು? ಹೋಗಿ ಹೇಳಿ."

ಹಿಂದಿನ ಕುರ್ಚಿಗೆ ತಿರುಗಿದರೆ ಆಯಿತು, ಅವಳಿದ್ದಳು. ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದು ದರ್ಜಿಯ ಪುಣ್ಯ. ಆದರೂ ಮರ್ಯಾದೆಗೆಂದು ನೀರಿನ ಕ್ಯಾನಿನವರೆಗೆ ನಡೆದು ಸುತ್ತಿ ಬಂದ. ಅಷ್ಟರಲ್ಲಿ ಮಾತು ಹದಕ್ಕೆ ಬಂದಿತ್ತು. ಫೋನ್ ನಂಬರಿನಿಂದ ಗುರುತು ಹಿಡಿಯುವುದು ಯೋಚಿಸಬೇಕಾದ ವಿಷಯ ಅಂತ ಅವರು ಹೇಳಿದರು, ಹಾಗೆ ಬರೆಯೋಕೆ ಬುದ್ಧಿ ಬೇಕು ಅಂತಲೂ ಅಂದರು ಎಂದ.

ಅಷ್ಟರಲ್ಲಿ ಗಡ್ಡದವನೂ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಹಾಗಂದ್ರಾ? ಇರಲಿ. ಅವರಿಗೆ ಹೇಳಿ, ಒಬ್ಬನೇ ರೋಗಿ ಕಾರ್ಡ್ ಕಳ್ಕೊಂಡು ಮತ್ತೆ ಮತ್ತೆ ಮಾಡಿಸಿರ್ತಾನೆ. ಕಾರ್ಡ್ ನಂಬ್ಕೊಂಡು ಹೋದ್ರೆ ಒಬ್ಬನೇ ಮೂರು ಜನ ಆಗ್ತಾನೆ. ಇದು ಸಣ್ಣ ಮಗೂಗೂ ಗೊತ್ತಾಗತ್ತೆ. ಗಡ್ಡ ಬಂದ ಮಾತ್ರಕ್ಕೆ ಗೊತ್ತಾಗಲ್ಲ."

ಈ ಸಲ ನೀರಿನ ಕ್ಯಾನಿನ ದಾರಿ ಸಾಲಲಿಲ್ಲ. ಒಂದು ಲೋಟ ನೀರನ್ನೂ ಕುಡಿದು ಬರಬೇಕಾಯಿತು. ಕಾರ್ಡಿನ ವಿಚಾರ ಸಣ್ಣ ಮಗುವಿಗೂ ಅರ್ಥವಾಗುವಷ್ಟು ಸಲೀಸಾಗಿ ಬರೆದಿದ್ದೀರಂತೆ, ಒಂದೆರಡು ಕಡೆ ಮಾತ್ರ ಸ್ವಲ್ಪ ನೋಡಿಕೊಳ್ಳಬೇಕಂತೆ ಎಂದು ಗಡ್ಡದವನಿಗೆ ಮುಟ್ಟಿಸಿದ. ಗಡ್ಡದವನು ಮೊದಲ ಬಾರಿಗೆ ಕುರ್ಚಿ ತಿರುಗಿಸಿ ಇವನ ಮುಖ ನೋಡಿದ.

ಬೆಳಗ್ಗೆಯೆಲ್ಲ ಹೀಗೇ ನಡೆಯಿತು. ದರ್ಜಿ ನಡೆದು ನಡೆದು ನೆಲದ ಹಾಸು ಒಂದು ದಾರಿಯಲ್ಲಿ ಸವೆದಂತಾಯಿತು. ಕುಡಿದ ನೀರಿಗೆ ಲೆಕ್ಕವಿಲ್ಲ. ಊಟದ ಹೊತ್ತಿಗೆ ಒಂದು ಒಪ್ಪಂದ ಕುದುರಿತ್ತು: ಅವಳ ಸಂದೇಶಗಳು ಅವಳ ರೀತಿಯಲ್ಲಿ ಫೋನ್ ನಂಬರ್ ಹಿಡಿದು ಹೋಗಲಿ, ಅವನವು ಅವನ ರೀತಿಯಲ್ಲಿ ಕಾರ್ಡ್ ನಂಬರ್ ಹಿಡಿದು ಹೋಗಲಿ, ನಡುವೆ ದರ್ಜಿ ಎರಡಕ್ಕೂ ದಾರಿ ಮಾಡಿಕೊಡಲಿ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಸಿದಂತಾದರೂ ಸದ್ಯಕ್ಕೆ ಹೊಗೆ ಅಡಗಿತು.

ಊಟಕ್ಕೆ ಹೋಗುವಾಗ ಮನೆಗೆ ಫೋನ್ ಮಾಡಿ, ಖಂಡಿತ ಬರುತ್ತೇನೆ ಎಂದು ಹೆಂಡತಿಗೆ ಹೇಳಿದ. ಹಿಂದಿನ ಸಲವೂ, ಅದರ ಹಿಂದಿನ ಸಲವೂ ಹೀಗೇ ಹೇಳಿ ಕೊನೆಗಳಿಗೆಯಲ್ಲಿ ಪ್ರಯಾಣ ಕೆಡಿಸಿದವನು ಅವನೇ. ಅವಳು ಬೈಯಲಿಲ್ಲ, ಕೊಂಕು ತೆಗೆಯಲಿಲ್ಲ. ಆಗಲಿ, ಕೆಲಸ ನೋಡಿಕೊಳ್ಳಿ ಎಂದಳು. ಹೆಂಡತಿಗೆ ನಂಬಿಕೆ ಬಂದಿದೆ ಎಂದು ದರ್ಜಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಊಟದಿಂದ ಬಂದು, ಎರಡು ಬ್ರಾಂಚುಗಳನ್ನೂ ಮತ್ತೊಮ್ಮೆ ತರಿಸಿಕೊಂಡು, ಒಪ್ಪಂದದ ಪ್ರಕಾರ ಅತ್ತಲಿಂದ ಇತ್ತಲಿಂದ ಹೊಲಿದ. ಸಾಲುಸಾಲನ್ನೂ ಓದಬೇಕೆನಿಸಲಿಲ್ಲ, ಬೆಳಗ್ಗೆಯಷ್ಟೇ ಓದಿದ್ದ. ಪ್ರೋಗ್ರಾಂ ಒಂದು ಸಲವೂ ಗೊಣಗದೆ ಓಡಿತು. ಮೆಷಿನ್ ಗೊಣಗದೆ ಓಡಿದರೆ ಅನುಮಾನ ಪಡಬೇಕು ಎನ್ನುವುದು ಆ ಕಸುಬಿನ ಮೊದಲ ಪಾಠ. ರಜೆ ಮುಂದಿದ್ದಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಇನ್ನುಳಿದದ್ದು ಸೂಜಿಯ ಕೆಲಸ. ಎಲ್ಲರ ಕೆಲಸವನ್ನೂ ಪರೀಕ್ಷೆ ಮಾಡಿ ಎಲ್ಲಿ ತೂತಿದೆ ಎಂದು ಚುಚ್ಚಿ ನೋಡುವ ಹೆಂಗಸಿಗೆ ಆಫೀಸಿನವರು ಇಟ್ಟ ಹೆಸರು ಅದು. ಸುಳ್ಳು ಹೆಸರುಗಳನ್ನು ಹಾಕಿ ನೋಡುವುದು ಅವಳಿಗೆ ಸೇರದು. ಆಫೀಸಿನ ಪ್ರತಿಯೊಬ್ಬರ ಫೋನ್ ನಂಬರನ್ನೂ ರೋಗಿಗಳೆಂದು ತುಂಬಿಸಿ, ಒಬ್ಬೊಬ್ಬರಿಗೆ ಒಂದೊಂದು ಹಲ್ಲಿನ ಕಾಯಿಲೆ ಹಂಚಿದ್ದಳು. ದೊಡ್ಡ ಮನಸ್ಸು ಮಾಡಿ ತನ್ನ ಗಂಡನ ನಂಬರನ್ನೂ ಸೇರಿಸಿದ್ದಳು. ಎಲ್ಲ ಸರಿ ಇದೆಯಲ್ಲ ಎಂದು ದರ್ಜಿಯನ್ನು ಕೇಳಿ ಗುಂಡಿ ಒತ್ತಿದಳು.

ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಕುಂಯ್ ಎಂದವು.

ಮೊದಲು ಬಂದವನು ಬಾಗಿಲ ಕಾವಲಿನ ಮೀಸೆಯ ಆಸಾಮಿ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅದರಲ್ಲಿ, ಕಂದಾ, ನಾಳೆ ನಿನ್ನ ಹಾಲುಹಲ್ಲು ನೋಡೋಣ, ಅಮ್ಮನ ಜೊತೆ ಬಾ ಎಂದಿತ್ತು. "ಅಮ್ಮನಿಗೆ ಮಂಡಿನೋವು ಸಾರ್. ನಾನೊಬ್ಬನೇ ಹೋದ್ರೆ ಆಗಲ್ವಾ?" ಎಂದು ವಿನಯವಾಗಿ ಕೇಳಿದ.

ಅಷ್ಟರಲ್ಲಿ ಲೆಕ್ಕದ ವಿಭಾಗದ ಹಿರಿಯರು ಕೆಂಪಾಗಿ ಬಂದರು. ಅವರಿಗೆ, ನಿಮ್ಮ ಕಟ್ಟಿದ ಹಲ್ಲಿನ ಸೆಟ್ಟನ್ನು ರಾತ್ರಿ ನೀರಿನಲ್ಲಿ ಇಡಲು ಮರೆಯದಿರಿ ಎಂದು ಹೋಗಿತ್ತು. ಇದನ್ನು ಯಾರು ಹೊರಗೆ ಬಿಟ್ಟಿದ್ದು, ಮನೆಯಲ್ಲಿ ಸೊಸೆಗೂ ಗೊತ್ತಿಲ್ಲದ ವಿಷಯ ಎಂದು ಅವರು ದರ್ಜಿಯ ಕಿವಿಯಲ್ಲಿ, ಸಿಟ್ಟಿಗೆ ಪಿಸುಮಾತೂ ದೊಡ್ಡದಾಗಿ, ಕೇಳಿದರು. ಅವರದು ಕಟ್ಟಿಸಿದ ಹಲ್ಲು ಎಂದು ಆಫೀಸಿಗೆಲ್ಲ ಗೊತ್ತಾದದ್ದು ಆಗಲೇ. ಸೂಜಿ ಕಾಯಿಲೆ ಹಂಚಿದ್ದು ಬರೀ ಊಹೆಯ ಮೇಲೆ, ಅದೂ ಬೇರೆ ಯಾರಿಗೋ. ಸೂಜಿಯ ಗಂಡ ಕೆಲಸದ ಜಾಗದಿಂದಲೇ ಫೋನ್ ಮಾಡಿ, ನಿನ್ನ ಹೆರಿಗೆಗೆ ಮುಂಚೆ ಒಸಡು ತೋರಿಸಬೇಕು ಅಂತ ಬಂದಿದೆ, ನನಗೆ ಯಾಕೆ ಹೇಳಲಿಲ್ಲ ಎಂದು ಗದ್ಗದಿತನಾದ.

ಕೊನೆಯಲ್ಲಿ ಮೇಡಂ ಕೋಣೆಯ ಬಾಗಿಲು ತೆರೆಯಿತು. ಅವರು ಆಸ್ಪತ್ರೆಯ ದೊಡ್ಡ ಡಾಕ್ಟರೊಡನೆ ಮಾತಾಡುತ್ತಿದ್ದಾಗಲೇ ಸಂದೇಶ ಬಂದಿತ್ತು. ಎಲ್ಲರಿಗೂ ಕೇಳುವಂತೆ ನಿಧಾನವಾಗಿ ಓದಿದರು: "ನಿಮ್ಮ ಬುದ್ಧಿಹಲ್ಲು ಕಿತ್ತಿದ್ದೇವೆ. ಇಂದು ಹೆಚ್ಚು ಮಾತಾಡಬೇಡಿ." ಓದಿ, ನಿಜಕ್ಕೂ ಹೆಚ್ಚು ಮಾತಾಡದೆ ಬಾಗಿಲು ಹಾಕಿಕೊಂಡರು. ಬೈದಿದ್ದರೆ ದರ್ಜಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅವನು ಕೂತು ಎಲ್ಲವನ್ನೂ ಮೊದಲಿನಿಂದ ಓದಿದ. ಓದುತ್ತ ಓದುತ್ತ ಕಣ್ಣು ಉಜ್ಜಿಕೊಂಡ. ಕನ್ನಡಕದವಳ ಬ್ರಾಂಚಿನಲ್ಲಿ ಫೋನ್ ನಂಬರಿನ ಸುಳಿವೇ ಇಲ್ಲ. ಅಲ್ಲೆಲ್ಲ ಕಾರ್ಡ್ ನಂಬರ್. ಗಡ್ಡದವನ ಬ್ರಾಂಚಿನಲ್ಲಿ ಕಾರ್ಡ್ ನಂಬರಿಲ್ಲ. ಎಲ್ಲ ಕಡೆ ಫೋನ್ ನಂಬರ್. ಇಬ್ಬರೂ ಊಟ ಬಿಟ್ಟು ಕೂತು ತಮ್ಮ ತಮ್ಮದನ್ನು ತಿರುಗಿಸಿ ಬರೆದಿದ್ದರು. ಇವನು ಮಾತ್ರ ಬೆಳಗ್ಗಿನ ಒಪ್ಪಂದ ನಂಬಿ, ಕಾರ್ಡ್ ಬರುವ ಕಡೆ ಫೋನಿಗೆ, ಫೋನ್ ಬರುವ ಕಡೆ ಕಾರ್ಡಿಗೆ ಬಾಗಿಲು ಕೊರೆದಿದ್ದ. ಕಿರಿದಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ಮರ್ಯಾದಸ್ಥರು ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಮತ್ತೆ ಮುಖಾಮುಖಿ ಆಗುತ್ತಾರಲ್ಲ, ಹಾಗಾಗಿತ್ತು.

ಅವನು ತಲೆ ಎತ್ತುವಷ್ಟರಲ್ಲಿ ಇಬ್ಬರೂ ಅವನ ಮೇಜಿನ ಎರಡು ಬದಿಗೆ ಬಂದು ನಿಂತಿದ್ದರು.

"ನಾನು ನನ್ನದನ್ನ ಕಾರ್ಡ್ ನಂಬರಿಗೆ ಬದಲಾಯಿಸಿದ್ದೆ," ಎಂದಳು ಕನ್ನಡಕದವಳು, ದರ್ಜಿಗೆ. "ಅವರು ಅಷ್ಟು ದೊಡ್ಡ ಮನಸ್ಸು ಮಾಡಿ ನನ್ನ ಬುದ್ಧಿ ಹೊಗಳಿದಾರೆ, ನಾನೂ ಒಂದು ಹೆಜ್ಜೆ ಸೋಲೋಣ ಅಂತ."

ಗಡ್ಡದವನು ಅವಳ ಕಡೆ ತಿರುಗಿದ. "ನಾನ್ಯಾವಾಗ ಹೊಗಳಿದೆ?"

ಎಷ್ಟೋ ಕಾಲದ ಮೇಲೆ ಅವರ ನಡುವೆ ಹಾದು ಹೋದ ಮೊದಲ ಮಾತು ಅದು. ದರ್ಜಿ ಇಬ್ಬರ ನಡುವೆ ಕೂತು, ನಾಳೆ ಈ ಹೊತ್ತಿಗೆ ಸಮುದ್ರ ಹೇಗೆ ಕಾಣುತ್ತದೆ ಎಂದು ಯೋಚಿಸಲು ನೋಡಿದ. ಆಗಲಿಲ್ಲ.

ಆಮೇಲೆ ನಡೆದದ್ದು ಒಂದು ರೀತಿಯ ವಿಚಾರಣೆ. ಅವಳು ಕೇಳಿದ ಮಾತು ಇದು, ಅವನು ಹೇಳಿದ ಮಾತು ಅದು ಎಂದು ಒಂದೊಂದಾಗಿ ತಾಳೆ ನೋಡಿದರು. ತನ್ನ ಗಡ್ಡದ ವಿಚಾರ ಬಂದಾಗ ಅವನು ಒಂದು ಕ್ಷಣ ಗಂಟುಮುಖ ಮಾಡಿದ. ಅವಳು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಅದನ್ನು ನೋಡಿ ಅವನಿಗೂ ನಗು ಬಂತು. ಆ ಸಭೆಯ ಹಿಂದಿನ ದಿನ ತನಗೆ ಜ್ವರ, ನಿದ್ದೆ ಇರಲಿಲ್ಲ, ಆಕಳಿಕೆ ಅದರದ್ದು ಎಂದ. ಅವಳು ಕಿಟಕಿ ತೆಗೆದದ್ದು ಸೆಕೆಗೆ ಎಂದಳು. ಇಬ್ಬರೂ ನಂಬಿದರು. ಪರಸ್ಪರ ಬೈದುಕೊಂಡದ್ದನ್ನು ಅಷ್ಟು ಬೇಗ ಕ್ಷಮಿಸಿದವರು, ಆ ಬೈಗುಳವನ್ನು ಹೊಗಳಿಕೆ ಮಾಡಿ ಮಾರಿದವನನ್ನು ಮಾತ್ರ ಕ್ಷಮಿಸಲಿಲ್ಲ.

"ಹೇಳಿದ್ದನ್ನ ಹೇಳಿದ ಹಾಗೆ ಹೇಳಿದ್ರೆ ನಾವು ಬೆಳಗ್ಗೆನೇ ಜಗಳ ಆಡಿ ಮುಗಿಸ್ತಿದ್ವಿ," ಎಂದ ಗಡ್ಡದವನು. ಅವಳು ಹೌದೌದು ಎಂದಳು. ಅವಳು ಅವನ ಮಾತಿಗೆ ಹೌದು ಎಂದದ್ದನ್ನು ಕೇಳಿ ಅಕ್ಕಪಕ್ಕದವರು ಕುರ್ಚಿ ಬಿಟ್ಟು ಎದ್ದು ನೋಡಿದರು.

ಇಬ್ಬರೂ ಒಂದೇ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ದರ್ಜಿ ಕೂರಲು ಹೋದಾಗ, ನೀವು ಬೇಡ, ಹೊರಡಿ ಎಂದರು. ಅವನಿಗೆ ಅವಮಾನಕ್ಕಿಂತ ಹೆಚ್ಚಾಗಿ ನಿರಾಳವಾಯಿತು. ಗೋಡೆಯ ಗಡಿಯಾರ ನೋಡಿದ. ರೈಲಿಗೆ ಇನ್ನೂ ಸಮಯವಿತ್ತು. ಲೆಕ್ಕದ ಹಿರಿಯರಿಗೆ ಸಮಾಧಾನ ಹೇಳಿ ಬಂದು, ಚೀಲಕ್ಕೆ ಊಟದ ಡಬ್ಬಿ ಹಾಕಿ, ಜಿಪ್ ಎಳೆದು, ತುದಿಗಾಲಲ್ಲಿ ನಡೆದು ಬಾಗಿಲು ದಾಟುವಾಗ ಮೇಡಂ ಕರೆದರು.

ಒಳಗೆ ಹೋದರೆ ಅಲ್ಲಿ ಆ ಇಬ್ಬರೂ ಆಗಲೇ ನಿಂತಿದ್ದರು. ಮೇಡಂ ಮುಖದಲ್ಲಿ ಒಂದು ಬಗೆಯ ಬೆರಗು. ಬೆನ್ನಿಗೆ ಬೆನ್ನು ಹಾಕಿ ಕೂರುವುದನ್ನು ಮಾತ್ರ ಕಂಡಿದ್ದ ಅವರಿಗೆ ಅವರಿಬ್ಬರೂ ಒಂದೇ ಉಸಿರಿನಲ್ಲಿ, ಒಬ್ಬರು ಬಿಟ್ಟ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತ ವಾದಿಸುವುದು ಹೊಸ ನೋಟ.

ಅವರ ವಾದ ಇಷ್ಟು. ತಪ್ಪು ಅವಳ ಬ್ರಾಂಚಿನಲ್ಲೂ ಇಲ್ಲ, ಅವನದರಲ್ಲೂ ಇಲ್ಲ. ಎರಡೂ ಹುಟ್ಟಿದ ಮೂಲದಲ್ಲೇ ಇದೆ. ರೋಗಿಯ ಗುರುತನ್ನು ಫೋನ್, ಕಾರ್ಡ್ ಎರಡಕ್ಕೂ ಸಿಗದ ಹಾಗೆ ಗಂಟು ಹಾಕಿದವರು ಯಾರೋ, ಅವರಿಂದಲೇ ಇಬ್ಬರಿಗೂ ಇಷ್ಟು ದಿನ ಒದ್ದಾಟ. ಬುಡ ಬಿಚ್ಚಿ ಹೊಸದಾಗಿ ಬರೆಯದೆ ಯಾವ ಮರ್ಜೂ ನಿಲ್ಲುವುದಿಲ್ಲ.

"ಅದನ್ನ ಬರೆದೋರು ಯಾರು?" ಎಂದು ಮೇಡಂ ಕೇಳಿದರು.

ಕೇಳಬೇಕಾದ ಅಗತ್ಯವಿರಲಿಲ್ಲ. ಮೂಲದ ಆ ಭಾಗ ಕಂಪನಿಯ ಆರಂಭದ ದಿನಗಳ ಯಾವುದೋ ಹಳೆಯ ಪ್ರೋಗ್ರಾಂನಿಂದ ಎತ್ತಿ ತಂದದ್ದು. ಆಗ ಇದ್ದವರಲ್ಲಿ ಈಗಲೂ ಉಳಿದಿರುವವರು ಇಬ್ಬರು: ಮೇಡಂ ಮತ್ತು ದರ್ಜಿ. ಮೇಡಂ ಎಂದೂ ಒಂದು ಸಾಲು ಬರೆದವರಲ್ಲ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಹಿರಿಯರು ಹೇಳಿದ್ದು ದರ್ಜಿಗೆ ನೆನಪಾಯಿತು. ಇಬ್ಬರ ಸ್ನೇಹ ಮೂರನೆಯವನಿಗೆ ಏನು ಎಂಬುದನ್ನು ಅವರು ಹೇಳದೆ ಬಿಟ್ಟಿದ್ದರು.

ಮೇಡಂ ಆಸ್ಪತ್ರೆಯಿಂದ ಒಂದಷ್ಟು ದಿನ ಕಾಲಾವಕಾಶ ಕೇಳಿ ಪಡೆದುಕೊಂಡಿದ್ದರಂತೆ. ಇನ್ನು ಆ ಬುಡ ಬಿಚ್ಚುವವರು ಯಾರೆಂಬುದೊಂದೇ ಉಳಿದದ್ದು. "ಕಟ್ಟಿದೋರೇ ಬಿಚ್ಚಬೇಕು ಅಂತಿದಾರೆ. ಇವರಿಬ್ರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು. ನಾನು ಹೇಗೆ ಬೇಡ ಅನ್ಲಿ, ನೀವೇ ಹೇಳಿ. ನಾಳೆ ಬೆಳಗ್ಗೆ ಶುರು ಮಾಡ್ಬಿಡಿ. ರಜೆ ಎಲ್ಲಿಗೂ ಓಡಿಹೋಗಲ್ಲ."

ದರ್ಜಿ ಮೆಟ್ಟಿಲಿಳಿಯುತ್ತ, ಹೆಂಡತಿಗೆ ಹೇಳಬೇಕಾದ ಮಾತನ್ನು ಹದ ಮಾಡಿಕೊಂಡ. ರಜೆ ರದ್ದಾಯಿತು ಎನ್ನಬಾರದು. ಸ್ವಲ್ಪ ಹಿಂದೆ ಸರಿಯಿತು ಎನ್ನಬೇಕು. ನಾನು ಬರಲ್ಲ ಎನ್ನಬಾರದು. ನೀವು ಮುಂದೆ ಹೋಗಿರಿ, ನಾನು ಬಂದು ಸೇರಿಕೊಳ್ಳುತ್ತೇನೆ ಎನ್ನಬೇಕು. ಕೊನೆಯ ಮೆಟ್ಟಿಲಲ್ಲಿ ನಿಂತು ಫೋನ್ ಮಾಡಿದ. ಆ ಕಡೆಯಿಂದ ರೈಲಿನ ಸದ್ದು ಕೇಳಿಸಿತು.

"ಹೊರಟೇಬಿಟ್ರಾ? ಇನ್ನೂ ಹೊತ್ತಿತ್ತಲ್ಲ."

"ನಿಮಗೆ ಹೇಳಿದ್ದು ಮುಂದಿನ ರೈಲಿನ ಟೈಮು," ಎಂದಳು ಹೆಂಡತಿ, ಸಮಾಧಾನವಾಗಿ. "ಟಿಕೆಟ್ ತೊಗೊಂಡಾಗಲೇ ನಿಮ್ಮ ಬದಲು ನಮ್ಮಕ್ಕನ ಹೆಸರು ಕೊಟ್ಟಿದ್ದೆ ರೀ. ನೀವು ಬರಲ್ಲ ಅಂತ ಗೊತ್ತಿತ್ತು. ಅಪ್ಪಿತಪ್ಪಿ ಬಂದಿದ್ರೆ ಆ ರೈಲಿಗೆ ಹತ್ತಿ ಹಿಂದಿನಿಂದ ಬರ್ತಿದ್ರಿ."

ದರ್ಜಿ ಕೊನೆಯ ಮೆಟ್ಟಿಲ ಮೇಲೇ ಕೂತ. ಬೆಳಗ್ಗೆಯಿಂದ ಪಟ್ಟ ಪಾಡೆಲ್ಲ ತನ್ನ ಹೆಸರೇ ಇಲ್ಲದ ಒಂದು ಸೀಟಿಗಾಗಿ. ಹದ ಮಾಡಿಟ್ಟುಕೊಂಡ ಮಾತು ಬಾಯಲ್ಲೇ ಉಳಿಯಿತು. ಮಗಳು ನಡುವೆ ಫೋನ್ ಕಿತ್ತುಕೊಂಡು ದೊಡ್ಡಮ್ಮ ತನ್ನನ್ನು ಕಿಟಕಿಯ ಪಕ್ಕ ಕೂರಲು ಬಿಟ್ಟಳು ಎಂದು ವರದಿ ಒಪ್ಪಿಸಿದಳು. ಮತ್ತೆ ಹೆಂಡತಿಯ ದನಿ ಬಂತು, ಈ ಸಲ ಸ್ವಲ್ಪ ತಗ್ಗಿದ ದನಿ.

"ಇನ್ನೊಂದು ವಿಷಯ. ಅಕ್ಕ ಬರೋ ವಿಚಾರ ಭಾವನಿಗೆ ಇವತ್ತು ಬೆಳಗ್ಗೆ ಹೇಳಿದಾಳೆ. ದೊಡ್ಡ ಜಗಳ ಆಗಿದೆ. ಮಾತು ಬಿಟ್ಟಿದಾರೆ. ನೀವು ಹೇಗೂ ಮನೇಲಿರ್ತೀರಲ್ಲ ಅಂತ..."

ರೈಲು ಯಾವುದೋ ಸುರಂಗಕ್ಕೆ ಹೊಕ್ಕಿತೇನೋ, ದನಿ ಕಡಿಯಿತು.

ದರ್ಜಿ ಮನೆ ಮುಟ್ಟಿದಾಗ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಹೊಸಿಲ ಬಳಿ ಕೂತಿದ್ದ. ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲ, ಒಂದು ದಿಂಬು. ದಿಂಬು ತಂದಿದ್ದನ್ನು ನೋಡಿದರೆ ಬೇಗ ಹೋಗುವ ಲಕ್ಷಣವಿರಲಿಲ್ಲ. ದರ್ಜಿ ಬೀಗ ತೆಗೆದ ಕೂಡಲೇ ಅವನು ದಿಂಬು ಎತ್ತಿಕೊಂಡ. ಒಳಗೆ ಬಂದು, ಸೋಫಾದಲ್ಲಿ ಕಾಲು ಚಾಚಿ, ನೀರು ಕೇಳಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ಬಾಯಿಬಿಟ್ಟ.

"ಫೋನ್ ಹಚ್ಚು. ನಾನಂತೂ ಅವಳ ಹತ್ರ ಮಾತಾಡಲ್ಲ. ನಾನು ಹೇಳ್ತಾ ಹೋಗ್ತೀನಿ, ನೀನು ಅವಳಿಗೆ ಹೇಳ್ತಾ ಹೋಗು."